ಜೇಬಿನಲ್ಲಿದ್ದ ಬೋಲ್ಟು

ಕಾರು ಮನೆಗೆ ಬಂದ ದಿನದಿಂದಲೇ ನನಗೆ ಅದರ ಭಯ. ಕೊಂಡದ್ದೇನೋ ನನಗಾಗಿಯೇ. ನಾನು ಕುಣಿಗಲ್ಲಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಟೀಚರು, ಮನೆ ಇರುವುದು ತುಮಕೂರಿನ ಉಪ್ಪಾರಹಳ್ಳಿಯಲ್ಲಿ. ಬಸ್ಸಿನಲ್ಲಿ ನಿಂತು ನಿಂತು ಮಂಡಿ ಊದಿಕೊಂಡು, ಒಂದು ವಾರ ರಜ ಹಾಕಿ ಮಲಗಿದಾಗ ನನ್ನ ಗಂಡ, "ಸಾಕಿನ್ನು, ನೀನು ಡ್ರೈವಿಂಗ್ ಕಲಿ" ಅಂದರು. ನಲವತ್ತು ದಾಟಿದ ಮೇಲೆ ಕಲಿತೆ. ಲೈಸೆನ್ಸೂ ಬಂತು. ಧೈರ್ಯ ಮಾತ್ರ ಬರಲಿಲ್ಲ.

ಕೀ ತಿರುಗಿಸಿದರೆ ಎದುರಿಗೆ ಕೆಂಪು ದೀಪಗಳೆಲ್ಲ ಒಟ್ಟಿಗೆ ಹತ್ತುತ್ತವಲ್ಲ, ಅವು ಒಂದೊಂದಾಗಿ ಆರುವವರೆಗೂ ನಾನು ಉಸಿರು ಬಿಗಿಹಿಡಿದು ಕೂರುತ್ತಿದ್ದೆ. ಅದರಲ್ಲೊಂದು ಎಣ್ಣೆ ಗಿಂಡಿಯ ಹಾಗಿತ್ತು, ಮೂತಿಯಲ್ಲಿ ಒಂದು ತೊಟ್ಟು. ಅದೇನೆಂದು ಕೇಳಿದ್ದಕ್ಕೆ ಅವರು, "ಆಯಿಲ್ ಲೈಟು ಕಣೇ. ಓಡ್ತಾ ಇರೋವಾಗ ಅದೇನಾದ್ರೂ ಹತ್ಕೊಂಡ್ರೆ ಯೋಚ್ನೆ ಮಾಡ್ತಾ ಕೂರಬೇಡ. ಸೈಡಿಗೆ ಹಾಕಿ ಇಂಜಿನ್ ಆಫ್ ಮಾಡ್ಬಿಡು. ಆಯಿಲ್ ಇಲ್ದೆ ಓಡಿದ್ರೆ ಒಳಗೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಹಂಗೇ ಹಿಡ್ಕೊಂಡ್‌ಬಿಡುತ್ತೆ" ಅಂದರು. ಆಮೇಲೆ ಕುಣಿಗಲ್ಲಿನವರೆಗೂ ನಾನು ರಸ್ತೆ ನೋಡಿದ್ದಕ್ಕಿಂತ ಆ ಜಾಗವನ್ನು ನೋಡಿದ್ದೇ ಹೆಚ್ಚು.

ಅವರಿಗೆ ಇಂಥ ವಿಷಯ ಗೊತ್ತಿದ್ದದ್ದು ನಮ್ಮ ಮಾವನಿಂದ. ಮಾವ ಲಾರಿ ಓಡಿಸುತ್ತಿದ್ದವರು. ಇವರು ಗುಬ್ಬಿಯ ಒಂದು ಬ್ಯಾಂಕಿನಲ್ಲಿ ಕ್ಯಾಷಿಯರ್ ಆದರೂ ಕೈ ಮಾತ್ರ ಯಾವಾಗಲೂ ಸ್ಪ್ಯಾನರ್ ಹುಡುಕುತ್ತಿರುತ್ತದೆ. ಮನೆಯ ಮಿಕ್ಸಿ, ಫ್ಯಾನು, ನಲ್ಲಿ, ಯಾವುದನ್ನೂ ರಿಪೇರಿಗೆ ಕೊಟ್ಟವರಲ್ಲ.

ಕಾರಿನ ಜೊತೆ ಬಂದ ಪುಸ್ತಕದಲ್ಲಿ, ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಇಂಜಿನ್ ಆಯಿಲ್ ಬದಲಿಸಬೇಕು ಅಂತ ಇತ್ತು. ನಾನು ದಿನಾ ಕುಣಿಗಲ್ಲಿಗೆ ಹೋಗಿ ಬಂದು ಕೆಲವೇ ತಿಂಗಳಲ್ಲಿ ಐದು ಸಾವಿರ ಮುಟ್ಟಿಸಿದ್ದೆ. ಅಲ್ಲಿಂದ ಇವರ ತಲೆಗೆ ಹುಳ ಹೊಕ್ಕಿತು.

"ಹೊಸ ಇಂಜಿನ್ನು ಮೊದ್ಲು ಮೊದ್ಲು ಉಜ್ಜಾಡ್ತಾ ಇರುತ್ತೆ. ಕಬ್ಬಿಣದ ಪುಡಿಯೆಲ್ಲ ಆಯಿಲ್ಗೆ ಸೇರುತ್ತೆ. ಮೊದಲ್ನೇ ಆಯಿಲ್ ಬೇಗ ತೆಗ್ದ್‌ಬಿಡ್ಬೇಕು ಅಂತ ಅಪ್ಪ ಯಾವಾಗ್ಲೂ ಹೇಳೋರು."

"ಅದು ಲಾರಿ ಕಾಲದ ಮಾತು. ಪುಸ್ತಕದಲ್ಲಿ ಹತ್ತು ಸಾವಿರ ಅಂತ ಬರ್ದವ್ರಲ್ರೀ."

"ಬರ್ದೋರು ನಮ್ಮ ಕುಣಿಗಲ್ ರೋಡಲ್ಲಿ ಓಡ್ಸಿದಾರಾ?"

"ಹಂಗಾದ್ರೆ ಷೋರೂಮ್‌ಗೆ ಕೊಡಿ."

"ಹತ್ತು ಸಾವಿರ ಆಗ್ದೆ ಅವ್ರು ಮಾಡಲ್ಲ. ಒಂದು ಗಂಟೆ ಕೆಲ್ಸ ಕಣೇ. ಬೋಲ್ಟ್ ಬಿಚ್ಚೋದು, ಹಳೇದು ಇಳ್ಸೋದು, ಫಿಲ್ಟರ್ ಬದಲಾಯ್ಸೋದು, ಹೊಸದು ಹುಯ್ಯೋದು. ಅಡುಗೆಮನೆ ಕೆಲ್ಸಕ್ಕಿಂತ ಸುಲಭ."

ಅಡುಗೆಮನೆಯಲ್ಲಿ ಯಾರೂ ಪಾತ್ರೆಯ ಅಡಿಗೆ ಹೋಗಿ ಮಲಗುವುದಿಲ್ಲ ಅಂತ ಆಗ ನನಗೆ ಹೊಳೆಯಲಿಲ್ಲ.

ಒಂದು ಭಾನುವಾರ ತಿಂಡಿ ಮುಗಿಸಿ ಶುರು ಮಾಡಿದರು. ಆಯಿಲ್ ಡಬ್ಬ, ಹೊಸ ಫಿಲ್ಟರ್, ಬೋಲ್ಟಿಗೆ ಹಾಕುವ ಹೊಸ ವಾಷರ್, ಎಲ್ಲವನ್ನೂ ಜಗಲಿಯ ಮೇಲೆ ಪೂಜೆಗೆ ಜೋಡಿಸಿದ ಹಾಗೆ ಜೋಡಿಸಿದರು. ನಮ್ಮ ಬೀದಿಯಲ್ಲಿ ಕೆಲವು ತಿಂಗಳ ಹಿಂದೆ ಪೈಪು ಹಾಕುವುದಕ್ಕೆ ರಸ್ತೆಯ ಒಂದು ಬದಿಯನ್ನು ಉದ್ದಕ್ಕೂ ಅಗೆದು, ಮತ್ತೆ ಮಣ್ಣು ಮುಚ್ಚಿ ಹೋಗಿದ್ದರು. ಮೇಲೆ ಗಟ್ಟಿಯಾಗಿ ಕಾಣುತ್ತಿತ್ತು. ಕಾರು ನಿಂತಿದ್ದದ್ದು ಅದರ ಪಕ್ಕಕ್ಕೆ, ಎಡಗಡೆಯ ಚಕ್ರಗಳು ಅದೇ ಮಣ್ಣಿನ ಮೇಲೆ.

ಇಂಜಿನ್ ಐದಾರು ನಿಮಿಷ ಓಡಿಸಿ, ಆಯಿಲ್ ಬಿಸಿಯಾಗಿ ತೆಳುವಾದರೆ ಚೆನ್ನಾಗಿ ಇಳಿಯುತ್ತದೆ ಅಂದರು. ಆಮೇಲೆ ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಡಿಕ್ಕಿಯಲ್ಲಿದ್ದ ಜಾಕನ್ನು ಮುಂದಿನ ಎಡಗಡೆಗೆ ಇಟ್ಟು ಎತ್ತಿದರು. ಬಾನೆಟ್ ತೆಗೆದು, ಆಯಿಲ್ ಹುಯ್ಯುವ ಮುಚ್ಚಳ ಬಿಚ್ಚಿಟ್ಟರು. ರಟ್ಟಿನ ಡಬ್ಬವೊಂದನ್ನು ಹರಿದು ಹಾಸಿಕೊಂಡು, ಹಳೇ ಪ್ಲಾಸ್ಟಿಕ್ ಟಬ್ಬನ್ನು ಮುಂದೆ ತಳ್ಳುತ್ತಾ ಎದೆಯವರೆಗೆ ಒಳಗೆ ಸರಿದರು.

"ರೀ, ಜಾಕ್ ಮೇಲೇ ನಂಬ್ಕೊಂಡು ಒಳಗೆ ಹೋಗ್ಬೋದಾ?"

"ನೀನು ಒಳಗ್ ಹೋಗು, ನೀನ್ ನಿಂತಿದ್ರೆ ನಂಗೂ ಗಾಬ್ರಿ ಆಗುತ್ತೆ."

ನಾನು ಹೋಗಲಿಲ್ಲ. ಜಗಲಿಯ ಮೇಲೆ ಹುರುಳಿಕಾಯಿ ಇಟ್ಟುಕೊಂಡು ಬಿಡಿಸುತ್ತಾ ಕೂತೆ. ಆಯಿಲ್ ಟಬ್ಬಿಗೆ ಬೀಳುವ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಅವರು ಈಚೆ ಬಂದು ಕೈ ಒರೆಸಿಕೊಂಡರು. ಬಿಚ್ಚಿದ್ದ ಬೋಲ್ಟನ್ನು ಒರೆಸಿ ಜೇಬಿಗೆ ಹಾಕಿಕೊಂಡರು. "ಕೊನೇ ತೊಟ್ಟಿನ ತನಕ ಬರ್ಲಿ" ಅಂದು ನೀರು ಕೇಳಿ ಕುಡಿದರು. ಸಂತೋಷವಾಗಿದ್ದರು. ಇನ್ನೊಂದು ಸಲ ಒಳಗೆ ಸರಿದದ್ದು ಆ ತೂತಿನ ಸುತ್ತ ಬಟ್ಟೆಯಲ್ಲಿ ಒರೆಸಿ ಬೋಲ್ಟ್ ಹಾಕುವುದಕ್ಕೆ.

ದೊಡ್ಡ ಶಬ್ದವೇನೂ ಆಗಲಿಲ್ಲ. ಜಾಕಿನ ಬುಡ ಮಣ್ಣೊಳಗೆ ಒಂದು ಕಡೆಗೆ ಇಳಿಯಿತು, ಜಾಕ್ ವಾಲಿತು, ಕಾರಿನ ಮೂತಿ ಮೆಲ್ಲಗೆ ತಲೆ ಬಾಗಿಸಿದ ಹಾಗೆ ಕೆಳಗೆ ಬಂತು. ಅವರ ಬಾಯಿಂದ "ಹ್ಞಂ" ಅಂತ ಒಂದು ಸದ್ದು ಬಂತು, ಎದೆಯೊಳಗಿನ ಗಾಳಿಯನ್ನು ಯಾರೋ ಹಿಂಡಿದ ಹಾಗೆ. ಆಮೇಲೆ ಏನೂ ಇಲ್ಲ. ಈಚೆಗಿದ್ದ ಕಾಲು ಎರಡು ಸಲ ನೆಲಕ್ಕೆ ಒದ್ದವು. ಅಡಿಯಿಂದ ಕಪ್ಪಗೆ, ದಪ್ಪಗೆ ಏನೋ ಹರಿದು ಬರತೊಡಗಿತು. ಅದು ಉರುಳಿಬಿದ್ದ ಟಬ್ಬಿನ ಆಯಿಲ್ ಅಂತ ನನ್ನ ಬುದ್ಧಿಗೆ ಬರಲಿಲ್ಲ. ಬಿಸಿಲಿಗೆ ಅದು ಮಿರಮಿರ ಮಿಂಚುತ್ತಿತ್ತು. ಎದ್ದವಳು ಅದರ ಮೇಲೇ ಕಾಲಿಟ್ಟು ಜಾರಿ ಬಿದ್ದೆ. ಬಿದ್ದಲ್ಲಿಂದಲೇ ಕೂಗಿದೆ. ಏನು ಕೂಗಿದೆನೋ ನನಗೆ ನೆನಪಿಲ್ಲ.

ಎದುರು ಮನೆಯವರಿಗೆ ಹಾಸಿಗೆ ಅಂಗಡಿ ಇದೆ. ಅವರ ಲಗೇಜ್ ಆಟೋ ಅಂಗಡಿಗೆ ಹೊರಟು ಬಾಗಿಲಲ್ಲೇ ನಿಂತಿತ್ತು. ಅವರು ಓಡಿ ಬಂದರು, ಹಾಲಿನ ಬೂತಿನ ಹತ್ತಿರ ನಿಂತಿದ್ದ ಮೂವರು ಗಂಡಸರು ಬಂದರು. ಯಾರೋ ಮತ್ತೆ ಜಾಕ್ ಹಾಕೋಣ ಅಂದದ್ದಕ್ಕೆ ಎದುರು ಮನೆಯವರು, "ಜಾಕ್ ಬ್ಯಾಡ, ಕೈಯಲ್ಲೇ ಎತ್ತಿ. ಮೇಡಂ, ನೀವು ಕಾಲ್ ಹಿಡ್ಕೊಳ್ಳಿ, ಎತ್ತಿದ್ ತಕ್ಷಣ ಎಳೀಬೇಕು" ಅಂದರು. ನಾಲ್ಕು ಜನ ಚಕ್ರದ ಮೇಲಿನ ಅಂಚು ಹಿಡಿದು ಎತ್ತಿದರು. ಎಳೆದೆ. ನನ್ನ ಜೊತೆ ಇನ್ನೊಂದು ಕೈಯೂ ಎಳೆಯಿತು, ಅದು ಎದುರು ಮನೆಯವರ ಹೆಂಡತಿಯದು. ನಾನು ಅವರನ್ನು ಆಪಾ ಅಂತಲೇ ಕರೆಯುವುದು.

ನನ್ನ ಗಂಡನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಕಣ್ಣು ತೆರೆದೇ ಇತ್ತು. ಉಸಿರು ತುಂಡು ತುಂಡಾಗಿ ಬರುತ್ತಿತ್ತು. ಮೈಯೆಲ್ಲ ಆಯಿಲ್ ಆಗಿ, ಎಲ್ಲಿ ಗಾಯ, ಎಲ್ಲಿ ಇಲ್ಲ ಅಂತ ತಿಳಿಯುವಂತೆಯೇ ಇರಲಿಲ್ಲ. ಲಗೇಜ್ ಆಟೋದಲ್ಲಿ ಹೊಸ ಹಾಸಿಗೆಗಳಿದ್ದವು. ಅದರ ಮೇಲೇ ಅವರನ್ನು ಮಲಗಿಸಿದರು. ಹೊಸ ಹಾಸಿಗೆಯ ಬಿಳಿ ಬಟ್ಟೆಯ ಮೇಲೆ ಕಪ್ಪು ಹರಡುವುದನ್ನು ನೋಡುತ್ತಾ, ಅವರ ಕೈ ಹಿಡಿದು ಆಸ್ಪತ್ರೆಯವರೆಗೂ ಕೂತಿದ್ದೆ. "ಮಾತಾಡ್ರೀ, ಏನಾದ್ರೂ ಮಾತಾಡ್ರೀ" ಅನ್ನುತ್ತಿದ್ದೆ. ಅವರು ಒಂದೇ ಮಾತು ಅಂದದ್ದು: "ಉಸ್ರು ಎಳ್ಕೊಳೋಕ್ ಆಗ್ತಿಲ್ಲ."

ಆಸ್ಪತ್ರೆಯಲ್ಲಿ ಅವರನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ನಾನು ಕೋರದಲ್ಲಿರುವ ನನ್ನ ತಮ್ಮನಿಗೆ ಫೋನ್ ಮಾಡಿ, ಭಾವನಿಗೆ ಪೆಟ್ಟಾಗಿದೆ ಅಂತಷ್ಟೇ ಹೇಳಿದೆ. ಗುಬ್ಬಿಯಲ್ಲಿ ಮಗಳ ಮನೆಗೆ ಹೋಗಿದ್ದ ಅತ್ತೆಗೂ ಹೇಳಿದೆ. ಹೇಳಬಾರದಿತ್ತೇನೋ. ಅವರು ಆ ಕಡೆಯಿಂದ, "ನನ್ನ ಈಗ್ಲೇ ಕರ್ಕೊಂಡ್ ಹೋಗ್ರಪ್ಪ, ನನ್ ಮಗನ್ನ ನೋಡ್ಬೇಕು" ಅಂತ ಒಂದೇ ಸಮನೆ ಅಳತೊಡಗಿದರು.

ಸ್ವಲ್ಪ ಹೊತ್ತಿಗೆ ತಮ್ಮನ ಫೋನ್ ಬಂತು. "ಅಕ್ಕ, ನಿಮ್ ಮನೆ ಹತ್ರ ಇದೀನಿ. ಮೊದ್ಲು ಅತ್ತೆಮ್ಮನ್ನ ಕರ್ಕೊಂಡ್ ಬಂದ್ಬಿಡ್ತೀನಿ. ಬೈಕಲ್ಲಿ ಅವ್ರು ಕೂರಲ್ಲ. ಕಾರ್ ಕೀ ಎಲ್ಲೈತೆ?"

ಅದೇ ಹೊತ್ತಿಗೆ ಬಾಗಿಲು ತೆಗೆದು ಡಾಕ್ಟರು ಈಚೆ ಬರುತ್ತಿದ್ದರು. ನಾನು ಅವರ ಮುಖವನ್ನೇ ನೋಡುತ್ತಾ, "ಗಾಡೀಲೇ ಇರ್ಬೇಕು ನೋಡು" ಅಂದು ಫೋನ್ ಇಟ್ಟೆ.

ಡಾಕ್ಟರು ಹೇಳಿದ್ದು ಇಷ್ಟು: ಭುಜದ ಮುಂದಿನ ಮೂಳೆ ಮುರಿದಿದೆ, ಎರಡು ಪಕ್ಕೆಲುಬು ಬಿರುಕು ಬಿಟ್ಟಿವೆ, ಶ್ವಾಸಕೋಶಕ್ಕೆ ಪೆಟ್ಟಾಗಿದೆಯೋ ಇಲ್ಲವೋ ಸ್ಕ್ಯಾನ್ ಆದ ಮೇಲೆ ಗೊತ್ತಾಗುತ್ತದೆ. "ಕೆಳಗೆ ಕಾಂಕ್ರೀಟ್ ಇತ್ತಾ, ಮಣ್ಣಾ?" ಅಂತ ಕೇಳಿದರು. ಮಣ್ಣು ಅಂದೆ. "ಅದಕ್ಕೇ ಉಳಿದಿದಾರೆ" ಅಂದು ಮುಂದೆ ಹೋದರು.

ಬೆಂಚಿನ ಮೇಲೆ ಕೂತೆ. ನರ್ಸ್ ಬಂದು ಒಂದು ಪ್ಲಾಸ್ಟಿಕ್ ಕವರ್ ಕೊಟ್ಟಳು. ಕತ್ತರಿಸಿ ತೆಗೆದ ಅಂಗಿ, ಮೊಬೈಲು, ಒಂದು ಕಡ್ಡಿ ಮುರಿದ ಕನ್ನಡಕ. "ಇದೊಂದು ಜೇಬಲ್ಲಿತ್ತು ಮೇಡಂ" ಅಂತ ಕೈಗೆ ಬೋಲ್ಟ್ ಇಟ್ಟಳು. ಗಿಡ್ಡ ಬೋಲ್ಟು, ನನ್ನ ಹೆಬ್ಬೆರಳಿನ ತುದಿಯಷ್ಟು. ಇದೇನು ಅಂತ ತಿರುಗಿಸಿ ತಿರುಗಿಸಿ ನೋಡಿದೆ. ಆಸ್ಪತ್ರೆಯ ಮಂಚದ್ದೇನೋ, ತಪ್ಪಿ ಕೊಟ್ಟಿದ್ದಾಳೆ ಅಂತ ಕೂಡ ಅಂದುಕೊಂಡೆ. ಆಮೇಲೆ ಬೆರಳಿಗೆ ಹತ್ತಿದ ಆಯಿಲ್ ನೋಡಿದೆ.

ಕಾರಿನಲ್ಲಿ ಒಂದು ತೊಟ್ಟು ಆಯಿಲ್ ಇರಲಿಲ್ಲ. ಅದನ್ನು ತಡೆಯುವ ಬೋಲ್ಟು ನನ್ನ ಕೈಯಲ್ಲಿತ್ತು. ತಮ್ಮ ಆ ಕಾರನ್ನು ಗುಬ್ಬಿ ರೋಡಿಗೆ ಓಡಿಸಿಕೊಂಡು ಹೋಗುತ್ತಿದ್ದ. ನಾನೇ ಕೀ ತೋರಿಸಿದ್ದೆ.

ಫೋನ್ ಮಾಡಿದೆ. ರಿಂಗ್ ಆಗಿ ಆಗಿ ನಿಂತಿತು. ಮತ್ತೆ ಮಾಡಿದೆ. ಎಷ್ಟು ಸಲ ಮಾಡಿದೆನೋ ಲೆಕ್ಕವಿಲ್ಲ. ಆಪಾಗೆ ಮಾಡಿದೆ. "ಆಗಲೇ ಹೋದ್ರಲ್ಲ ಟೀಚರಮ್ಮ. ಅಲ್ಲೆಲ್ಲ ಜಾರ್ತಿತ್ತು, ನಾನೇ ಆಯಿಲ್ ಮೇಲೆ ಮರಳು ಹಾಕಿ, ಸಾಮಾನೆಲ್ಲ ಎತ್ತಿಟ್ಟು, ಬಾನೆಟ್ಟೂ ಮುಚ್ಚಿಟ್ಟಿದ್ದೆ" ಅಂದರು. ಪಾಪ, ಒಳ್ಳೆಯದಕ್ಕೇ ಮಾಡಿದ್ದರು. ಅಲ್ಲಿ ಅರ್ಧಕ್ಕೆ ನಿಂತ ಕೆಲಸವೊಂದಿತ್ತು ಅಂತ ತಮ್ಮನಿಗೆ ಗೊತ್ತಾಗುವ ಯಾವ ಗುರುತೂ ಉಳಿದಿರಲಿಲ್ಲ.

ಎದುರು ಮನೆಯವರು ಇನ್ನೂ ಆಸ್ಪತ್ರೆಯ ಹೊರಗೆ ನಿಂತಿದ್ದರು. ಬೋಲ್ಟ್ ತೋರಿಸಿ ವಿಷಯ ಹೇಳಿದೆ. "ಓಡೋ ಗಾಡಿ ಇಂಜಿನ್ ಲಾಕ್ ಆದ್ರೆ..." ಅಂತ ಶುರು ಮಾಡಿ ಅಲ್ಲಿಗೇ ನಿಲ್ಲಿಸಿ, ಲಗೇಜ್ ಆಟೋ ಹತ್ತಿ ಗುಬ್ಬಿ ಕಡೆಗೆ ಹೊರಟರು.

ನನಗೆ ಆ ರಸ್ತೆ ಗೊತ್ತು. ಭಾನುವಾರ ಕೂಡ ಲಾರಿ ನಿಲ್ಲುವುದಿಲ್ಲ. ನಡುರಸ್ತೆಯಲ್ಲಿ ಕಾರು ಒಮ್ಮೆಲೇ ನಿಂತರೆ ಹಿಂದಿನವನಿಗೆ ಬ್ರೇಕ್ ಹಾಕುವಷ್ಟು ಪುರುಸೊತ್ತೂ ಇರುವುದಿಲ್ಲ. ಅತ್ತೆಯೂ ಹತ್ತಿ ಕೂತು ವಾಪಸ್ಸು ಬರುತ್ತಿದ್ದಾರೋ ಏನೋ. ನಾದಿನಿಗೆ ಫೋನ್ ಮಾಡಿ ಕೇಳೋಣವೆಂದರೆ ಅವಳ ಫೋನು ಬರೀ ಬ್ಯುಸಿ ಅಂತಿತ್ತು.

ಸ್ಕ್ಯಾನ್ ಮುಗಿಸಿ ಅವರನ್ನು ವಾರ್ಡಿಗೆ ತಂದರು. ನೋವಿನ ಇಂಜೆಕ್ಷನ್ನಿಗೆ ಮಂಪರು ಹತ್ತಿತ್ತು. ಕಣ್ಣು ತೆರೆಯದೆಯೇ ಕೇಳಿದರು, "ಬೋಲ್ಟ್ ಎಲ್ಲಿ?"

"ನನ್ ಹತ್ರ ಇದೆ."

"ಅದು ಹಾಕಿ, ಆಯಿಲ್ ಹುಯ್ಯೋವರ್ಗೂ ಯಾರ್ಗೂ ಸ್ಟಾರ್ಟ್ ಮಾಡೋಕ್ ಬಿಡ್ಬೇಡ."

"ಹ್ಞೂಂ ರೀ."

"ಯಾರೂ ಮುಟ್ಟಿಲ್ಲ ತಾನೆ?"

"ಇಲ್ಲ. ಮಲ್ಕೊಳ್ಳಿ."

ಹೇಳಿ ಈಚೆ ಬಂದೆ. ಕಾರಿಡಾರಿನ ಗೋಡೆ ಹಿಡಿದುಕೊಂಡು ನಿಂತೆ. ಅಷ್ಟರಲ್ಲಿ ಎದುರು ಮನೆಯವರ ಫೋನ್.

"ಮೇಡಂ, ಮಲ್ಲಸಂದ್ರ ದಾಟಿ ನಿಮ್ ಗಾಡಿ ನಿಂತೈತೆ. ರೋಡಿನ ಪಕ್ಕಕ್ಕೈತೆ. ಏನೂ ತಾಗಿಲ್ಲ."

"ತಮ್ಮ?"

"ಅವ್ರು ಇಲ್ಲ. ಡೋರೆಲ್ಲ ಲಾಕ್ ಆಗೈತೆ. ಫೋನು ಒಳಗೆ ಸೀಟ್ ಮೇಲೇ ಐತೆ. ನೀವು ಮಾಡಿರೋ ಕಾಲೆಲ್ಲ ಕಾಣ್ತಿದೆ."

"ಸುತ್ತ ಯಾರನ್ನಾದ್ರೂ ಕೇಳಿ ಅಣ್ಣ."

"ಕೇಳ್ದೆ. ಯಾರೂ ನೋಡಿಲ್ವಂತೆ. ಮುಂದೆ ಹೋಗಿ ನೋಡ್ತೀನಿ, ನೀವು ಗಾಬ್ರಿ ಆಗ್ಬೇಡಿ."

ಕಾರಿಗೆ ಏನೂ ಆಗಿಲ್ಲ, ಮನುಷ್ಯ ಇಲ್ಲ. ಇಳಿದು ರಸ್ತೆ ದಾಟುವಾಗ ಏನಾದರೂ ಆಯಿತಾ? ಯಾರಾದರೂ ಎತ್ತಿಕೊಂಡು ಹೋದರಾ? ಹಾಗೆ ಯೋಚಿಸುತ್ತಿರುವಾಗಲೇ ಗೇಟಿನಲ್ಲಿ ಆಂಬುಲೆನ್ಸ್ ಸದ್ದು ಬಂತು. ನಾನು ಓಡಿದೆ. ಸ್ಟ್ರೆಚರಿನ ಮೇಲಿದ್ದವರ ಮುಖಕ್ಕೆ ಬಟ್ಟೆ ಒತ್ತಿ ಹಿಡಿದಿದ್ದರು, ರಕ್ತ ಸೋರುತ್ತಿತ್ತು. ಮುಖ ಕಾಣಲಿಲ್ಲ. ನಾನು ಪಾದ ನೋಡಿದೆ. ನನ್ನ ತಮ್ಮನ ಎಡಗಾಲಿನ ಹೆಬ್ಬೆರಳು ಚಿಕ್ಕಂದಿನಲ್ಲಿ ನೇಗಿಲು ತಗುಲಿ ಸೊಟ್ಟಗಾಗಿದೆ. ಈ ಪಾದ ಬೇರೆ ಯಾರದ್ದೋ. ಸ್ಟ್ರೆಚರಿನ ಹಿಂದೆ ಒಬ್ಬ ಹೆಂಗಸು ಚಪ್ಪಲಿ ಇಲ್ಲದೆ ಓಡಿ ಬಂದಳು. ಅವಳಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದೆ. ಅವಳ ಮುಖ ನೋಡುವುದಕ್ಕೆ ನನ್ನಿಂದ ಆಗಲಿಲ್ಲ.

ಅಲ್ಲೇ ಗೇಟಿನ ಹತ್ತಿರ ನಿಂತೆ. ಒಳಗೆ ಹೋಗುವುದಕ್ಕೂ ಭಯ, ಹೊರಗೆ ನೋಡುವುದಕ್ಕೂ ಭಯ. ಆದರೂ ಬಂದ ಪ್ರತಿಯೊಂದು ಆಟೋದ ಒಳಗೂ ಬಗ್ಗಿ ನೋಡುತ್ತಿದ್ದೆ. ಎಷ್ಟೋ ಹೊತ್ತಿನ ಮೇಲೆ ಒಂದು ಆಟೋ ಬಂದು ನಿಂತು, ಮೊದಲು ಒಂದು ಬಟ್ಟೆ ಚೀಲ ಈಚೆ ಬಂತು, ಆಮೇಲೆ ಹಣೆ ತುಂಬ ವಿಭೂತಿಯ ಅತ್ತೆ, ಅವರ ತೋಳು ಹಿಡಿದುಕೊಂಡು ನನ್ನ ತಮ್ಮ.

"ಅಕ್ಕ, ಭಾವ ಹೆಂಗವ್ರೆ?" ಅಂದ. ನಾನು ಅವನ ಅಂಗಿ ಹಿಡಿದುಕೊಂಡೆ. ಅವನು ತಪ್ಪು ತಿಳಿದುಕೊಂಡ, ಮುಖ ಬಿಳಿಚಿಕೊಂಡಿತು. ಭಾವನಿಗೆ ಏನೋ ಆಗಿಹೋಯಿತು ಅಂತ. ಅತ್ತೆ ಅಲ್ಲೇ ನೆಲಕ್ಕೆ ಕುಸಿಯುವುದರಲ್ಲಿದ್ದರು.

"ಇದಾರೆ, ಚೆನ್ನಾಗಿದಾರೆ, ಮಾತಾಡಿದ್ರು" ಅಂತ ಅವರನ್ನು ಹಿಡಿದುಕೊಂಡು ವಾರ್ಡಿಗೆ ಕರೆದುಕೊಂಡು ಹೋದೆ. ಅತ್ತೆ ಸೆರಗಿನ ಗಂಟಿನಿಂದ ವಿಭೂತಿ ತೆಗೆದು ಮಗನ ಹಣೆಗೆ ಹಚ್ಚಿ, ಕಾಲ ಹತ್ತಿರ ಕೂತುಬಿಟ್ಟರು. ಮೊದಲು ಎದುರು ಮನೆಯವರಿಗೆ ಫೋನ್ ಮಾಡಿ ಹೇಳಿದೆ. ಆಮೇಲೆ ತಮ್ಮನನ್ನು ಹೊರಗೆ ಕರೆದು ಬೋಲ್ಟ್ ತೋರಿಸಿದೆ.

ಅವನು ಹೇಳಿದ: "ಸ್ಟಾರ್ಟ್ ಮಾಡ್ದಾಗ್ಲಿಂದ ಒಂದು ಕೆಂಪು ಲೈಟ್ ಹತ್ಕೊಂಡೇ ಇತ್ತು. ಹ್ಯಾಂಡ್‌ಬ್ರೇಕ್ದಿರ್ಬೇಕು ಅಂತ ಎಳ್ದು ಬಿಟ್ಟು ಮಾಡ್ದೆ, ಹೋಗ್ಲಿಲ್ಲ. ಮಲ್ಲಸಂದ್ರ ಹತ್ರ ಕಟಕಟ ಅನ್ನೋಕ್ ಶುರುವಾಯ್ತು. ಆಮೇಲೆ ಒಂದೇ ಸಲ ಹಿಡ್ಕೊಂಡ್‌ಬಿಡ್ತು. ಸ್ಟೇರಿಂಗ್ ಕಲ್ಲಾಗೋಯ್ತು ಅಕ್ಕ. ಹಿಂದೆ ಒಂದು ಲಾರಿ ಇತ್ತು. ಹಾರನ್ ಹೊಡ್ಕೊಂಡು ಬಲಕ್ಕೆ ತಗೊಂಡ, ಕನ್ನಡಿಗೆ ತಾಗ್ತೇನೋ ಅನ್ನಂಗೆ ಹೋದ. ಇಳ್ದು ಪಕ್ಕಕ್ಕೆ ತಳ್ದೆ. ಅಷ್ಟ್ರಲ್ಲಿ ಗುಬ್ಬಿ ಬಸ್ ಬಂತು, ಕೈ ತೋರ್ಸಿ ಹತ್ಬಿಟ್ಟೆ. ಫೋನ್ ಮರ್ತಿದ್ದು ಬಸ್ಸಲ್ಲಿ ಗೊತ್ತಾಯ್ತು. ಬರೋವಾಗ್ಲೂ ಬಸ್ಸಲ್ಲೇ ಬಂದ್ವಿ. ಅತ್ತೆಮ್ಮ ಅಳ್ತಾ ಇದ್ರು, ಫೋನ್ ಬಗ್ಗೆ ತಲೆಗೇ ಹೋಗ್ಲಿಲ್ಲ."

ಹೇಳುವಾಗ ಸಲೀಸಾಗಿಯೇ ಹೇಳಿದ. ಹೇಳಿ ಮುಗಿಸಿ ಬೆಂಚಿನ ಮೇಲೆ ಕೂತ. ಆಸ್ಪತ್ರೆಯ ಮುಂದಿನ ಅಂಗಡಿಯಿಂದ ಟೀ ತಂದುಕೊಟ್ಟೆ. ಅರ್ಧ ಚೆಲ್ಲಿಕೊಂಡ.

ಶ್ವಾಸಕೋಶಕ್ಕೆ ಏನೂ ಆಗಿರಲಿಲ್ಲ. ಪಟ್ಟಿ ಕಟ್ಟಿ ಕಳಿಸಿದರು, ಎಲುಬು ಕೂಡಿಕೊಳ್ಳುವವರೆಗೂ ಅವರು ಮಂಚದ ಮೇಲೆ ಒರಗಿಯೇ ನಿದ್ದೆ ಮಾಡಿದರು. ಸೀನು ಬಂದರೆ ಮನೆಯವರೆಲ್ಲ ಹೆದರುತ್ತಿದ್ದೆವು. ಕಾರಿನ ವಿಷಯ ನಾನು ಮನೆಗೆ ಬಂದ ಮೇಲೆ ಹೇಳಿದೆ. ಕೇಳಿಸಿಕೊಂಡು, "ನಿನ್ ತಮ್ಮನ್ನ ಕರ್ಸು, ಒಂದ್ಸಲ ನೋಡ್ಬೇಕು" ಅಂದರು. ಕಾರನ್ನು ಎಳೆದುಕೊಂಡು ಹೋಗಿ ಇಂಜಿನ್ ಪೂರ್ತಿ ಬಿಚ್ಚಬೇಕಾಯಿತು. ಅದು ವಾಪಸ್ಸು ಬರುವವರೆಗೂ, ಬಂದ ಮೇಲೂ ಬಹಳ ದಿನ, ನಾನು ಬಸ್ಸಿನಲ್ಲೇ ಹೋದೆ. ಮತ್ತೆ ಮಂಡಿ ಊದಿತು. ಆಗ ಕೀ ತೆಗೆದುಕೊಂಡೆ.

ಮುಂದಿನ ಸಲ ಆಯಿಲ್ ಬದಲಿಸುವ ಹೊತ್ತಿಗೆ ಪುಸ್ತಕದಲ್ಲಿ ಹೇಳಿದಷ್ಟೇ ಓಡಿಸಿ, ಸದಾಶಿವನಗರದ ಕಡೆಯ ಒಂದು ಗ್ಯಾರೇಜಿಗೆ ನಾನೇ ತೆಗೆದುಕೊಂಡು ಹೋದೆ. ಅವರೂ ಜೊತೆಗೆ ಬಂದರು, ಆದರೆ ಒಳಗೆ ಬರಲಿಲ್ಲ. ಗೇಟಿನ ಹತ್ತಿರ ರಸ್ತೆ ನೋಡುತ್ತಾ ನಿಂತರು. ಕಬ್ಬಿಣದ ಕಂಬಗಳ ತೋಳಿನ ಮೇಲೆ ಕಾರು ತಲೆಗಿಂತ ಮೇಲಕ್ಕೆ ಹೋಯಿತು. ಅದರ ಅಡಿಗೆ ಮೆಕ್ಯಾನಿಕ್ ಹೋಗಿ ನಿಂತ.

"ಈಚೆಯಿಂದ್ಲೇ ಮಾಡೋಕಾಗಲ್ವಾ?" ಅಂದೆ.

"ಇದು ಬೀಳಲ್ಲ ಮೇಡಂ, ಲಾಕ್ ಆಗುತ್ತೆ. ಬೇಕಾದ್ರೆ ನೀವು ಆಫೀಸಲ್ಲಿ ಕೂತ್ಕೊಳ್ಳಿ."

ಕೂರಲಿಲ್ಲ. ಹಳೆಯ ಆಯಿಲ್ ಪೂರ್ತಿ ಇಳಿಯುವುದು, ಹೊಸ ವಾಷರ್ ಸೇರಿಸಿ ಬೋಲ್ಟ್ ಬಿಗಿಯುವುದು, ಫಿಲ್ಟರಿನ ರಬ್ಬರಿಗೆ ಬೆರಳಲ್ಲಿ ಎಣ್ಣೆ ಸವರಿ ಕೂರಿಸುವುದು, ಎಲ್ಲವನ್ನೂ ನಿಂತು ನೋಡಿದೆ. ಬೋಲ್ಟಿಗೆ ಇನ್ನೊಂದು ಸಲ ಸ್ಪ್ಯಾನರ್ ಹಾಕಿ ತೋರಿಸಿ ಅಂದೆ. ಅವನು ಬೇಸರ ಮಾಡಿಕೊಳ್ಳದೆ ತೋರಿಸಿದ. ಕಾರು ಇಳಿಸಿ, ಹೊಸ ಆಯಿಲ್ ಹುಯ್ದು ಸ್ಟಾರ್ಟ್ ಮಾಡಿದ. ಕೆಂಪು ದೀಪ ಹತ್ತಿ ಆರಿತು. ಆಫ್ ಮಾಡಿ, ಆಯಿಲ್ ಕೆಳಗಿಳಿಯಲು ಸ್ವಲ್ಪ ಬಿಟ್ಟು, ಆಯಿಲ್ ಮಟ್ಟ ನೋಡುವ ಕಡ್ಡಿ ಎಳೆದು ಒರೆಸಿ ಮತ್ತೆ ಅದ್ದಿ ತೋರಿಸಿದ. ಎರಡು ಗುರುತಿನ ನಡುವೆ ಜೇನಿನ ಬಣ್ಣದ ಆಯಿಲ್.

ಮಾರನೆಯ ದಿನ ಸ್ಕೂಲಿಗೆ ಹೊರಟೆ. ಹೆಬ್ಬೂರು ದಾಟುತ್ತಿದ್ದ ಹಾಗೆ ಏನೋ ಕಟಕಟ ಅಂದ ಹಾಗಾಯಿತು. ದೀಪ ಹತ್ತಿರಲಿಲ್ಲ. ಆದರೂ ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಒಂದು ಹುಣಸೆಮರದ ಕೆಳಗೆ ನಿಲ್ಲಿಸಿ ಆಫ್ ಮಾಡಿದೆ. ಇಳಿದು ನೋಡಿದರೆ ನನ್ನ ವ್ಯಾನಿಟಿ ಬ್ಯಾಗಿನ ಕೊಂಡಿ ಬಾಗಿಲಿಗೆ ಸಿಕ್ಕಿಕೊಂಡು, ಹೊರಗಡೆ ಗಾಳಿಗೆ ತಗಡನ್ನು ಕುಟ್ಟುತ್ತಿತ್ತು. ಕೊಂಡಿ ಬಿಡಿಸಿಕೊಂಡೆ. ಅಷ್ಟಕ್ಕೇ ಹೋಗಬಹುದಿತ್ತು. ಹೋಗಲಿಲ್ಲ. ಬಾನೆಟ್ ತೆಗೆದು, ಸ್ವಲ್ಪ ಕಾದು, ಕಡ್ಡಿ ಎಳೆದು ಕರ್ಚೀಫಿನಲ್ಲಿ ಒರೆಸಿ ಅದ್ದಿ ನೋಡಿದೆ. ಸರಿಯಾಗಿತ್ತು. ಬಗ್ಗಿ ಅಡಿಗೂ ನೋಡಿದೆ, ಒಣಗಿತ್ತು. ರಾಗಿ ಹೊಲದ ಕಡೆ ಹೋಗುತ್ತಿದ್ದ ಒಬ್ಬ ಹೆಂಗಸು ನಿಂತು, "ಯಾಕಮ್ಮ, ಕೆಟ್ಟೋಯ್ತಾ?" ಅಂದಳು.

"ಇಲ್ಲಮ್ಮ, ಏನೂ ಆಗಿಲ್ಲ" ಅಂದೆ.

ಕುಣಿಗಲ್ ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದು ಮಕ್ಕಳೆಲ್ಲ ಕ್ಲಾಸಿಗೆ ಹೋಗಿದ್ದರು. ಹಾಜರಿ ಪುಸ್ತಕ ತೆರೆದರೆ ಕಡ್ಡಿ ಒರೆಸಿದ ಬೆರಳಿನ ಆಯಿಲ್ ಪುಟದ ಅಂಚಿಗೆ ಹತ್ತಿತು.